ಕಕ್ಕಡದ ತಿಂಗಳಲ್ಲಿ ಗೇಟಿನ ಲೆಕ್ಕ: ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು?

ತೋಟದ ಲೆಕ್ಕ
ಜುಲೈ 17ರ ಹೊತ್ತಿಗೆ ನಮ್ಮ ಕೊಡಗಿನಲ್ಲಿ ಕಕ್ಕಡ ಹಿಡಿಯುತ್ತದೆ, ಜೋರು ಮಳೆಯ ತಿಂಗಳು. ಅಲ್ಲಿಂದ ಒಂದು ತಿಂಗಳು ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಪೇಟೆ ಓಡಾಟ ಕಡಿಮೆ. ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಿಕ್ಕಾಗದು. ಈ ಬಿಡುವಿನಲ್ಲಿ ಒಂದು ಕೆಲಸ ಮಾಡೋಣ ಅಂತ ಈ ಚರ್ಚೆ ಶುರು ಮಾಡಿದ್ದೇನೆ, ಬರೆಯುವವರ ಅಡ್ಡಹೆಸರು ಅವರವರ ಮಾತಿನ ಮೇಲಿದೆ.

ಒಂದು ನೋಟ್‌ಬುಕ್ಕು, ಒಂದು ಕೊಕ್ಕೆ ತಕ್ಕಡಿ ಸಾಕು. ಎಡಗಡೆ ಪುಟದಲ್ಲಿ ಗೇಟಿನ ಒಳಗೆ ಬಂದದ್ದು: ಅಕ್ಕಿ, ಹಾಲಿನ ಪ್ಯಾಕೆಟ್, ಗ್ಯಾಸ್ ಸಿಲಿಂಡರ್, ಯೂರಿಯಾ, ಕಳೆನಾಶಕ, ಬಿಸ್ಕತ್ತು, ಹುಲ್ಲಿನ ಲೋಡು, ಎಲ್ಲ. ಬಲಗಡೆ ಹೊರಗೆ ಹೋದದ್ದು: ಕಾಫಿ, ಮೆಣಸು, ಬಾಳೆಗೊನೆ, ಸೌದೆ, ಕಸದ ಚೀಲ. ತೂಕ ಹಾಕಿ ಬರೆಯಬೇಕು, ಅಂದಾಜು ಬೇಡ. ಖಾಲಿ ಕವರುಗಳನ್ನು ಒಂದು ಗೋಣಿಯಲ್ಲಿ ಹಾಕುತ್ತಾ ಹೋಗಿ, ತಿಂಗಳ ಕೊನೆಗೆ ಅದನ್ನೂ ತೂಗಿ.

ಒಂದು ಷರತ್ತಿದೆ: ಈ 30 ದಿನ 'ಪರಿಸರಸ್ನೇಹಿ' ಅಂತ ಹೊಸದೇನನ್ನೂ ಕೊಳ್ಳಬಾರದು. ಅಡುಗೆಮನೆಯಲ್ಲಿ ಗಟ್ಟಿಮುಟ್ಟಾದ ಪ್ಲಾಸ್ಟಿಕ್ ಡಬ್ಬ ಇರುವಾಗ ಅದನ್ನೆಸೆದು ಸ್ಟೀಲ್ ಡಬ್ಬ ತಂದರೆ ಅದೂ ಎಡಗಡೆ ಪುಟಕ್ಕೇ ಸೇರುವುದು.

ಬಾಳೆಲೆ ಗದ್ದೆ
ಕಕ್ಕಡ ಬಿಡುವಿನ ತಿಂಗಳು ಅಂತ ಬರೆದದ್ದು ಅರ್ಧ ಮಾತ್ರ ಸರಿ. ಗದ್ದೆ ಇದ್ದವರಿಗೆ ಇದು ನಾಟಿ ತಿಂಗಳು. ಮೊಣಕಾಲುದ್ದ ಕೆಸರಲ್ಲಿ ನಿಂತವರಿಗೆ ಮದುವೆ ಊಟಕ್ಕೆ ಹೋಗಲು ಪುರಸೊತ್ತಿರಲಿಲ್ಲ, ಅದಕ್ಕೇ ಶುಭಕಾರ್ಯ ಇಲ್ಲ. ನಾಟಿ ಮುಗಿದು ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆ ಹಬ್ಬ) ಬಂದ ಮೇಲೇ ಉಸಿರಾಡುವುದು. ಈಗ ಬಿಡುವಾಗಿರುವುದು ಗದ್ದೆ ಪಾಳು ಬಿಟ್ಟದ್ದರಿಂದ.

ನಿಮ್ಮ ಎಡಗಡೆ ಪುಟ ಉದ್ದವಾಗಿರುವುದಕ್ಕೂ ಅದೇ ಕಾರಣ. ಗದ್ದೆ ಇದ್ದಾಗ ಅಕ್ಕಿಯ ಜೊತೆ ಹುಲ್ಲು ಬರುತ್ತಿತ್ತು. ಹುಲ್ಲಿದ್ದರೆ ದನ, ದನ ಇದ್ದರೆ ಸಗಣಿ, ಸಗಣಿ ಕಾಫಿ ಬುಡಕ್ಕೆ. ಗದ್ದೆ ಬಿಟ್ಟೆವು, ಹುಲ್ಲು ಕೊಳ್ಳಬೇಕಾಯಿತು. ಹುಲ್ಲು ದುಬಾರಿ ಅಂತ ದನ ಮಾರಿದೆವು. ದನ ಇಲ್ಲ ಅಂತ ಬಯಲುಸೀಮೆಯಿಂದ ಲಾರಿಯಲ್ಲಿ ಗೊಬ್ಬರ ತರಿಸುತ್ತೇವೆ, ಅದರ ಜೊತೆಗೆ ಪಾರ್ಥೇನಿಯಂ ಕಳೆಯ ಬೀಜವೂ ಪುಕ್ಕಟೆ ಬರುತ್ತದೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಅಕ್ಕಿ, ಹುಲ್ಲು, ಹಾಲು, ಗೊಬ್ಬರ ನಾಲ್ಕನ್ನೂ ಒಂದೇ ಗುಂಪಾಗಿ ಬರೆಯಿರಿ. ಬೇರೆ ಬೇರೆ ಸಾಲಲ್ಲಿ ಬರೆದರೆ ನಾಲ್ಕು ಖರ್ಚು ಕಾಣುತ್ತದೆ, ಒಂದು ಕಾರಣ ಕಾಣುವುದಿಲ್ಲ.

ಪೊನ್ನಂಪೇಟೆ ರೊಬಸ್ಟಾ
ಬಲಗಡೆ ಪುಟದ ಬಗ್ಗೆ ಯಾರೂ ಮಾತಾಡುವುದಿಲ್ಲ, ನಾನು ಹೇಳುತ್ತೇನೆ. ರೊಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) 50 ಕಿಲೋ ಚೀಲಕ್ಕೆ ಓಟಿ, ಅಂದರೆ ಔಟ್‌ಟರ್ನ್, 26-27 ಬಂದರೆ ಬೀಜ ಅಷ್ಟು ಕಿಲೋ, ಮಿಕ್ಕದ್ದು ಹೊಟ್ಟು. 100 ಚೀಲ ಚೆರ್ರಿ ಮಾರಿದವರ ಗೇಟಿನಿಂದ ಸುಮಾರು 2,300 ಕಿಲೋ ಹೊಟ್ಟು ಆಚೆ ಹೋಯಿತು. ಒಣ ಹೊಟ್ಟಿನಲ್ಲಿ ಪೊಟ್ಯಾಷ್ ನೂರಕ್ಕೆ 2 ಪಾಲು ಅಂತ ಕಡಿಮೆ ಲೆಕ್ಕ ಹಿಡಿದರೂ 46 ಕಿಲೋ. ಅಂಗಡಿಯ ಎಂಒಪಿ ಗೊಬ್ಬರದಲ್ಲಿ (ಮ್ಯುರಿಯೇಟ್ ಆಫ್ ಪೊಟ್ಯಾಷ್) ಪೊಟ್ಯಾಷ್ ನೂರಕ್ಕೆ 60 ಪಾಲು, ಅಂದರೆ 50 ಕಿಲೋದ ಒಂದೂವರೆ ಚೀಲ. ಹೊಟ್ಟು ಎಲ್ಲೋ ಉರುವಲಾಗಿ ಬೂದಿಯಾಗುತ್ತದೆ, ನಾವು ಅದೇ ಪೊಟ್ಯಾಷನ್ನು ದುಡ್ಡು ಕೊಟ್ಟು ವಾಪಸ್ ತರುತ್ತೇವೆ.

ದಾರಿ ಎರಡು. ಊರಿನ ಹಲ್ಲರ್ ಗಿರಣಿಯಲ್ಲೇ ಹೊಡೆಸಿ ಹೊಟ್ಟು ಮನೆಗೆ ತಂದು ಬೀಜ ಮಾತ್ರ ಮಾರುವುದು ಒಂದು. ಇಲ್ಲವಾದರೆ ಚೆರ್ರಿ ಇಳಿಸಿ ಖಾಲಿ ಬರುವ ಪಿಕಪ್‌ನಲ್ಲಿ ಹೊಟ್ಟು ತುಂಬಿಸಿಕೊಂಡು ಬರುವುದು. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಕಾಫಿ) ಮಾಡುವವರಿಗೆ ಸಿಪ್ಪೆ ತೋಟದಲ್ಲೇ ಉಳಿಯುತ್ತದೆ, ಆದರೆ ಸಿಪ್ಪೆ ಸುಲಿಯುವ ಪಲ್ಪರ್ ಪಕ್ಕದಲ್ಲೇ ಕೊಳೆಯಲು ಬಿಟ್ಟರೆ ಉಳಿದೂ ಪ್ರಯೋಜನ ಇಲ್ಲ.

ಹೊಸಬ
ಸರ್, ಹೊಟ್ಟನ್ನು ನೇರವಾಗಿ ಗಿಡದ ಬುಡಕ್ಕೆ ಹಾಕಬಹುದಾ? ಈ ಮಳೆಯಲ್ಲಿ ಬೇಗ ಕೊಳೆಯುತ್ತದಲ್ಲ?

ಗೋಣಿಚೀಲ
ಬೇಡ. ಗೊಬ್ಬರವಾಗದ ಹೊಟ್ಟು ಕೊಳೆಯಲು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ, ಗಿಡ ಹಳದಿಯಾಗುತ್ತದೆ. ಮೇಲಾಗಿ ಮಳೆಗಾಲದಲ್ಲಿ ಕಾಫಿ ಬುಡದಲ್ಲಿ ಒದ್ದೆ ಕಸ ಗುಡ್ಡೆ ಹಾಕಿದರೆ ಗಾಳಿಯಾಡದೆ ಬೇರು ಕೆಡುತ್ತದೆ, ಕಾಯಿ ಉದುರುತ್ತದೆ. ಮೊದಲು ಗೊಬ್ಬರ ಮಾಡಿ.

ಜಾಗ: ತಗಡಿನ ಸೂರಿನ ಕೆಳಗೆ. ಹಳೇ ಕೊಟ್ಟಿಗೆಯಾದರೂ ಸೈ, ಆದರೆ ಸೂರಿನ ಹನಿ ಗುಡ್ಡೆಗೆ ಬೀಳಬಾರದು. ಸುತ್ತ ಅರ್ಧ ಅಡಿ ಚರಂಡಿ. ಟಾರ್ಪಾಲ್ ಮಾತ್ರ ಹೊದಿಸಿದರೆ ಒಳಗೆ ಬೆವರಿ ಮೇಲಿನ ಪದರ ಕೊಳೆತು ನಾರುತ್ತದೆ.

500 ಕಿಲೋ ಒಣ ಹೊಟ್ಟಿಗೆ ಹಸಿ ಸಗಣಿ 150 ಕಿಲೋ, ಹಾಲುವಾಣ ಅಥವಾ ಗ್ಲಿರಿಸಿಡಿಯಾ ಸೊಪ್ಪು 100 ಕಿಲೋ, ರಾಕ್ ಫಾಸ್ಫೇಟ್ 10 ಕಿಲೋ. ಒಣ ಹೊಟ್ಟು ನೀರನ್ನು ಸುಲಭಕ್ಕೆ ಹೀರುವುದಿಲ್ಲ, ಮೇಲಿಂದ ಹೊಯ್ದರೆ ಜಾರಿ ಹೋಗುತ್ತದೆ. ಹಿಂದಿನ ರಾತ್ರಿಯೇ ನೆನೆಹಾಕಿ. ತಳಕ್ಕೆ ಕಾಫಿ ಕಡ್ಡಿ ಅಡ್ಡಡ್ಡ ಹಾಸಿ, ಗಾಳಿಗೆ. ಅದರ ಮೇಲೆ ಅರ್ಧ ಅಡಿ ಹೊಟ್ಟು, ಸೊಪ್ಪು, ಸಗಣಿ ಬಗ್ಗಡ, ಮತ್ತೆ ಹೊಟ್ಟು, ಹೀಗೆ 4 ಅಡಿ ಎತ್ತರ, 5 ಅಡಿ ಅಗಲ. ಮೂರಡಿಗಿಂತ ಚಿಕ್ಕ ಗುಡ್ಡೆ ನಮ್ಮ ಚಳಿಗೆ ಬಿಸಿಯೇರುವುದಿಲ್ಲ.

ಮೂರು ನಾಲ್ಕು ದಿನ ಬಿಟ್ಟು ಒಂದು ಕಬ್ಬಿಣದ ಸರಳು ನಡುಮಧ್ಯಕ್ಕೆ ತೂರಿಸಿ 5 ನಿಮಿಷ ಬಿಟ್ಟು ಎಳೆಯಿರಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇರಬೇಕು. ಬಿಸಿ ಇಲ್ಲ, ಹಿಂಡಿದರೆ ನೀರು ಸೋರುತ್ತದೆ ಅಂದರೆ ಒದ್ದೆ ಜಾಸ್ತಿ: ಬಿಚ್ಚಿ ಒಣ ಹೊಟ್ಟು ಸೇರಿಸಿ. ಬಿಸಿ ಇಲ್ಲ, ಒದ್ದೆಯೂ ಹದವಾಗಿದೆ ಅಂದರೆ ಸಗಣಿ ಸಾಲದು. ಮೂಗು ಉರಿಯುವ ವಾಸನೆ ಬಂದರೆ ಸಗಣಿ-ಸೊಪ್ಪು ಹೆಚ್ಚಾಗಿ ಸಾರಜನಕ ಗಾಳಿಗೆ ಹೋಗುತ್ತಿದೆ. ಒಳಗೆ ಬೂದಿ ಬಣ್ಣದ ಪುಡಿಪುಡಿ ಪದರ ಕಂಡರೆ ಒಣಗಿದೆ, ನೀರು ಚಿಮುಕಿಸಿ. ಮೊದಲ ಮಗುಚು 12ನೇ ದಿನ, ಆಮೇಲೆ 15 ದಿನಕ್ಕೊಮ್ಮೆ, ಒಟ್ಟು ನಾಲ್ಕು ಸಲ. ಕೈಲ್‌ಪೊಳ್ದ್‌ಗೆ ಆಗುವುದಿಲ್ಲ, ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ದಾಟಬೇಕು.

ಒಲೆ ಬೂದಿಯನ್ನು ಸಗಣಿ ಜೊತೆ ಬೆರೆಸಬೇಡಿ, ಸಾರಜನಕ ಹಾರಿಹೋಗುತ್ತದೆ. ಬೂದಿ ಬೇರೆ ಡಬ್ಬದಲ್ಲಿ ಒಣಗಿರಲಿ. ಮಗುಚುವಾಗ ಹೆಬ್ಬೆರಳು ಗಾತ್ರದ ಬಿಳಿ ಹುಳು ಸಿಕ್ಕಿದರೆ ಕುರುವಾಯಿಯ (ತೆಂಗಿನ ಸುಳಿ ಕೊರೆಯುವ ದುಂಬಿ) ಮರಿ ಇರಬಹುದು. ತೆಂಗು ಇರುವವರು ಬಿಡದೆ ಹೆಕ್ಕಿ ಕೋಳಿಗೆ ಹಾಕಿ. ಇನ್ನೊಂದು: ಪಲ್ಪರ್‌ನ ಹಸಿ ಸಿಪ್ಪೆಗೆ ಎರೆಹುಳ ಬಿಟ್ಟರೆ ಸಾಯುತ್ತವೆ. ಒಂದು ತಿಂಗಳು ಕೊಳೆಸಿ, ಬಿಸಿ ಇಳಿದ ಮೇಲೆ ಬಿಡಿ.

ಮಣ್ಣು ಪರೀಕ್ಷೆ
ಇದನ್ನೋದಿ ಈ ವರ್ಷವೇ ರಸಗೊಬ್ಬರ ಪೂರ್ತಿ ನಿಲ್ಲಿಸಿಬಿಡಬೇಡಿ. ಒಂದು ಟನ್ ಕ್ಲೀನ್ ಕಾಫಿ (ಹೊಟ್ಟು ತೆಗೆದ ಬೀಜ) ಕೊಡುವ ಫಸಲು ತೋಟದಿಂದ ಸುಮಾರು 35 ಕಿಲೋ ಸಾರಜನಕ ಹೊತ್ತೊಯ್ಯುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಪಾಲು, ಅಂದರೆ ಟನ್ನಿಗೆ 5 ಕಿಲೋ. ಬರೇ ಫಸಲಿನ ಜೊತೆ ಹೋದದ್ದನ್ನು ತುಂಬಲಿಕ್ಕೇ 7 ಟನ್ ಬೇಕು, ಅದರಲ್ಲೂ ಮೊದಲ ವರ್ಷ ಗಿಡಕ್ಕೆ ಸಿಗುವುದು ಒಂದು ಪಾಲು ಮಾತ್ರ. ಎರಡು ದನ ಇಟ್ಟುಕೊಂಡು 10 ಎಕರೆಗೆ ಯೂರಿಯಾ ನಿಲ್ಲಿಸಿದರೆ ಮೂರನೇ ವರ್ಷ ಗಿಡದ ರೆಕ್ಕೆ (ಅಡ್ಡಕೊಂಬೆ) ಒಣಗಿ ಕಡ್ಡಿಯಾಗುತ್ತದೆ. ಆಮೇಲೆ 'ಸಾವಯವ ನಮ್ಮೂರಿಗೆ ಆಗಿಬರುವುದಿಲ್ಲ' ಅನ್ನುತ್ತೀರಿ.

ಮಾಡಬಹುದಾದದ್ದು: ಪೊಟ್ಯಾಷ್ ಮೊದಲು ಇಳಿಸಿ, ಅದಕ್ಕೆ ಹೊಟ್ಟು ಮತ್ತು ಬೂದಿ ಇದೆ. ಸಾರಜನಕವನ್ನು ಮೂರು ವರ್ಷದಲ್ಲಿ ಹಂತಹಂತವಾಗಿ ಇಳಿಸಿ, ಪ್ರತಿ ವರ್ಷ ಮಣ್ಣು ನೋಡಿ. ಮಾದರಿ ಈಗ ತೆಗೆಯಬೇಡಿ. ಮಳೆ ಕಡಿಮೆಯಾಗಿ ಮಣ್ಣು ಪುಡಿಯಾಗುವ ಹದಕ್ಕೆ ಬಂದ ಮೇಲೆ, ಗೊಬ್ಬರ-ಸುಣ್ಣ ಹಾಕಿ ಕನಿಷ್ಠ ಎರಡು ತಿಂಗಳಾದ ಮೇಲೆ ತೆಗೆಯಿರಿ. ಒಂದು ಬ್ಲಾಕಿನಲ್ಲಿ 10-15 ಕಡೆ, ಮೇಲಿನ ತರಗು ಸರಿಸಿ, 9 ಇಂಚು ಆಳಕ್ಕೆ ವಿ ಆಕಾರದ ಗುಂಡಿ ಮಾಡಿ ಅದರ ಗೋಡೆಯಿಂದ ಒಂದಿಂಚು ದಪ್ಪ ಕೆರೆಯಬೇಕು. ಎಲ್ಲ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರು ಎರಡು ಬಿಸಾಡುತ್ತಾ ಅರ್ಧ ಕಿಲೋಗೆ ಇಳಿಸಿ, ನೆರಳಲ್ಲಿ ಒಣಗಿಸಿ. ಗೊಬ್ಬರದ ಖಾಲಿ ಚೀಲದ ಮೇಲೆ ಮಾತ್ರ ಒಣಗಿಸಬೇಡಿ, ವರದಿ ಪೂರ್ತಿ ಹಾಳು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಅಥವಾ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಸುಣ್ಣ ಹಾಕುವವರು ಯೂರಿಯಾದ ಜೊತೆಗೇ ಹಾಕಬೇಡಿ. ಎರಡರ ನಡುವೆ ಕೆಲವು ವಾರ ಇರಲಿ.

ಬಚ್ಚಲೊಲೆ
ನಾನು ಮನೆಯೊಳಗಿನ ಮಾತಿಗೆ ಬರುತ್ತೇನೆ. ನೋಟ್‌ಬುಕ್ಕಿನಲ್ಲಿ ಯಾರೂ ಬರೆಯದ ಒಂದು ಸಾಲಿದೆ: ಹಂಡೆ ಒಲೆಗೆ ಹಾಕಿದ ಪ್ಲಾಸ್ಟಿಕ್. ಮಳೆಗಾಲದಲ್ಲಿ ಸೌದೆ ಹಸಿ, ಹೊತ್ತಿಸಲಿಕ್ಕೆ ಹಾಲಿನ ಪ್ಯಾಕೆಟ್ಟು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದು ದಿನಚರಿ. ಆ ಒಲೆ ಸಣ್ಣ ಉರಿಯಲ್ಲಿ ಹೊಗೆಯಾಡುತ್ತದೆ, ಪ್ಲಾಸ್ಟಿಕ್ ಪೂರ್ತಿ ಸುಡುವುದಿಲ್ಲ, ವಿಷದ ಹೊಗೆ ಬಚ್ಚಲಲ್ಲೇ ತುಂಬುತ್ತದೆ. ಅದೇ ಬೂದಿಯನ್ನು ಮೆಣಸಿನ ಬಳ್ಳಿಗೂ ಬಸಳೆಗೂ ಹಾಕುತ್ತಾರೆ. ಮೇಲೆ ಹೇಳಿದ ಪೊಟ್ಯಾಷ್ ಬೂದಿ ಅಂದರೆ ಬರೇ ಸೌದೆಯ ಬೂದಿ, ನೆನಪಿರಲಿ.

ಹೊತ್ತಿಸಲಿಕ್ಕೆ ತೆಂಗಿನ ಗರಿಯ ಸೂಡಿ, ಒಣ ಅಡಿಕೆ ಹಾಳೆ, ಸಿಲ್ವರ್ ಓಕ್‌ನ ಒಣ ಎಲೆ ಸಾಕು. ಮೇ ತಿಂಗಳಲ್ಲೇ ಎರಡು ಗೋಣಿ ತುಂಬಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿಡಬೇಕು. ಈಗ ನೆನಪಾದವರು ಇವತ್ತಿನ ಉರಿಯ ಮೇಲೆ ನಾಳೆಯ ಸೌದೆ ಒಣಗಿಸಿಕೊಳ್ಳಿ. ಕಾಫಿ ಕಡ್ಡಿಯನ್ನು ಒಂದು ಗೇಣಿಗೆ ಕತ್ತರಿಸಿ ಒಲೆಯ ಪಕ್ಕ ನಿಲ್ಲಿಸಿಟ್ಟರೆ ಬೇಗ ಒಣಗುತ್ತದೆ.

ಹಾಲಿನ ಪ್ಯಾಕೆಟ್ ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯಬೇಡಿ, ತುಂಡು ಅಂಟಿಕೊಂಡೇ ಇರಲಿ. ಆ ಪುಟ್ಟ ತ್ರಿಕೋನಗಳನ್ನು ಆಮೇಲೆ ಯಾರೂ ಹೆಕ್ಕುವುದಿಲ್ಲ, ಕಾಡುಕೊಲ್ಲಿಯಲ್ಲಿ ಹರಿದು ಕಾವೇರಿಗೆ. ಪ್ಯಾಕೆಟ್ ತೊಳೆದು, ಒಳಮಗ್ಗುಲು ಹೊರಗೆ ಮಾಡಿ ಒಲೆಯಿಂದ ದೂರದ ತಂತಿಗೆ ಸಿಕ್ಕಿಸಿ ಒಣಗಿಸಿ. ಒದ್ದೆಯಾಗಿ ಕಟ್ಟಿಟ್ಟರೆ ಎರಡೇ ದಿನಕ್ಕೆ ಹುಳ, ಗುಜರಿಯವರೂ ಮುಟ್ಟುವುದಿಲ್ಲ. ಬಿಸ್ಕತ್ತು, ಚಿಪ್ಸ್‌ನ ಬೆಳ್ಳಿ ಬಣ್ಣದ ಕವರಿಗೆ ಗುಜರಿಯಲ್ಲಿ ಬೆಲೆಯೇ ಇಲ್ಲ. ಅದಕ್ಕಿರುವುದು ಒಂದೇ ಉಪಾಯ, ತರದೇ ಇರುವುದು.

ಕೆಸದೆಲೆ
ಬಚ್ಚಲೊಲೆ ಅಕ್ಕ ಹೇಳಿದ ಬೆಳ್ಳಿ ಕವರಿಗೆ ಬದಲಿ ಅಂತಲೇ ಈ ತಿಂಗಳ ತಿನಿಸಿದೆ. ಆದರೆ 'ಕಾಡಿನದ್ದು, ಪುಕ್ಕಟೆ' ಅಂತ ಹಾರಬೇಡಿ.

ಕಣಿಲೆ (ಎಳೆ ಬಿದಿರು): ಹೊರಗಿನ ಪೊರೆ ಸುಲಿದು, ಚಾಕು ಸಲೀಸಾಗಿ ಇಳಿಯುವಷ್ಟು ಎಳೆಯ ಭಾಗ ಮಾತ್ರ ತೆಳ್ಳಗೆ ಹೆಚ್ಚಿ. 2-3 ದಿನ ನೀರಲ್ಲಿ ಮುಳುಗಿಸಿ, ದಿನಾ ನೀರು ಬದಲಿಸಿ. ಆಮೇಲೆ ಮುಚ್ಚಳ ತೆರೆದು ಕುದಿಸಿ ಆ ನೀರನ್ನೂ ಚೆಲ್ಲಿ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ, ತೆರೆದ ಪಾತ್ರೆಯಲ್ಲಿ ಕುದಿಸುವುದು ಅದು ಆವಿಯಲ್ಲಿ ಹೋಗಲಿ ಅಂತ. ಅವಸರಕ್ಕೆ ಕುಕ್ಕರಿನಲ್ಲಿ ಕೂಗಿಸುವವರು ಇದನ್ನು ಗಮನಿಸಿ. ಸ್ವಂತ ಜಾಗದ ಮೆಳೆಯಲ್ಲೂ 10 ಎದ್ದರೆ 3ಕ್ಕಿಂತ ಹೆಚ್ಚು ಮುಟ್ಟಬೇಡಿ. ಮೀಸಲು ಅರಣ್ಯದಲ್ಲಿ ಕಡಿಯುವುದು ಅಪರಾಧ. ಅದು ಆನೆಯ ಪಾಲು, ಅಲ್ಲಿ ಖಾಲಿಯಾದರೆ ಆನೆ ನಮ್ಮ ಬಾಳೆಗೇ ಬರುವುದು.

ಕೆಸ: ಇನ್ನೂ ಸುರುಳಿ ಬಿಚ್ಚದ ಎಳೆ ಎಲೆ, ಕೈ ಒಣಗಿರುವಾಗ ಕೊಯ್ಯಿರಿ. ಹುಳಿ ಧಾರಾಳ ಬೀಳಬೇಕು. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಇದ್ದವರು ಅದನ್ನೇ ಹಾಕಿ. ತುರಿಸುವುದು ಎಲೆಯೊಳಗಿನ ಸೂಜಿಯಂಥ ಹರಳುಗಳಿಂದ, ಅರ್ಧ ಬೆಂದರೆ ಗಂಟಲು ಕೆರೆಯುವುದು ಗ್ಯಾರಂಟಿ.

ಮದ್ದುಸೊಪ್ಪು ಕಕ್ಕಡ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ. ಆ ದಿನ ಅದರಲ್ಲಿ 18 ಬಗೆಯ ಔಷಧ ಇರುತ್ತದೆ ಅಂತ ನಂಬಿಕೆ. ಎಲೆ, ಎಳೆ ದಂಟು ತೊಳೆದು ಕುದಿಸಿದರೆ ನೀರು ಕಡು ನೇರಳೆ. ಸೋಸಿ, ಅದೇ ನೀರಲ್ಲಿ ಅಕ್ಕಿ ತರಿ ಬೇಯಿಸಿ ಬೆಲ್ಲ, ತೆಂಗಿನಕಾಯಿ ಹಾಕಿದರೆ ಪಾಯಸ. ಮಾರನೇ ದಿನ ಮೂತ್ರ ಕೆಂಪಗೆ ಹೋದರೆ ಹೆದರಬೇಡಿ, ಅದು ಸೊಪ್ಪಿನ ಬಣ್ಣ. ಬೇರು ಸಮೇತ ಕೀಳುವುದು ಮಾತ್ರ ಬೇಡ. ಒಂದು ಗೇಣು ದಂಟು ನೆರಳಿನ ತೇವದ ಜಾಗದಲ್ಲಿ ಊರಿದರೆ ಚಿಗುರುತ್ತದೆ, ಮುಂದಿನ ವರ್ಷ ಸಂತೆಯಲ್ಲಿ ಕಟ್ಟು ಕೊಳ್ಳುವ ಕೆಲಸ ಇಲ್ಲ.

ಅಣಬೆ ಬಗ್ಗೆ ಬರೆಯುವುದಿಲ್ಲ. ಗೊತ್ತಿದ್ದವರು ಜೊತೆಗಿಲ್ಲದಿದ್ದರೆ ಕೀಳಬೇಡಿ. ಬೆಳ್ಳಿ ಚಮಚ, ಅರಿಶಿನ ಹಾಕಿ ನೋಡುವ ಪರೀಕ್ಷೆ ಎಲ್ಲ ಸುಳ್ಳು.

ಸಂಪಾಜೆ ಕಡೆಯವ
ಸಿಲಿಂಡರ್ ಸಾಲು ಅಳಿಸಲಿಕ್ಕೆ ಗೋಬರ್ ಗ್ಯಾಸ್ ಇದೆಯಲ್ಲ ಮಾರಾಯ್ರೆ. 2 ಘನ ಮೀಟರಿನ ಗುಂಡಿಗೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು. ಪೂರ್ತಿ ಗ್ಯಾಸ್ ಬಂದರೆ ತಿಂಗಳಿಗೆ 60 ಘನ ಮೀಟರ್, ಸುಮಾರು 26 ಕಿಲೋ ಎಲ್‌ಪಿಜಿಗೆ ಸಮ. 14.2 ಕಿಲೋ ಸಿಲಿಂಡರ್ ಎರಡಕ್ಕೆ ಸ್ವಲ್ಪ ಕಮ್ಮಿ.

ಆದರೆ ಕಕ್ಕಡದಲ್ಲಿ ಅಷ್ಟು ಬರುವುದಿಲ್ಲ. ಗುಂಡಿಯೊಳಗಿನ ಸೂಕ್ಷ್ಮಜೀವಿಗಳಿಗೆ 30-35 ಡಿಗ್ರಿ ಬೇಕು, 20ಕ್ಕಿಂತ ಕೆಳಗಿಳಿದರೆ ಗ್ಯಾಸ್ ಅರ್ಧಕ್ಕೆ ಬೀಳುತ್ತದೆ. 'ಗುಂಡಿ ಕೆಟ್ಟಿದೆ' ಅಂತ ಈ ತಿಂಗಳಲ್ಲೇ ಬಿಟ್ಟುಬಿಡುವವರು ಹೆಚ್ಚು. ಅದು ಕೆಟ್ಟದ್ದಲ್ಲ, ಚಳಿ ಹಿಡಿದದ್ದು. ಬಗ್ಗಡ ಕಲಸಲಿಕ್ಕೆ ಹಂಡೆಯ ಉಗುರುಬೆಚ್ಚಗಿನ ನೀರು ಬಳಸಿ. ಬಗ್ಗಡ ದೋಸೆ ಹಿಟ್ಟಿನ ಹದದಲ್ಲಿರಬೇಕು. ಮಳೆಗಾಲದ ಸಗಣಿ ಮೊದಲೇ ಒದ್ದೆ, ಅಳತೆ ಪ್ರಕಾರ ನೀರು ಹೊಯ್ದರೆ ತೆಳ್ಳಗಾಗಿ ಕೊಳೆಯುವ ಮೊದಲೇ ಆಚೆ ಬರುತ್ತದೆ. ಹೊರಗಿನ ತೊಟ್ಟಿಗೆ ತಗಡು ಮುಚ್ಚಿ, ಮಳೆನೀರು ಒಳಗಿಳಿಯಬಾರದು. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಗುಂಡಿಗೆ ಬಿಟ್ಟರೆ ಒಳಗಿನದ್ದೆಲ್ಲ ಸತ್ತು ಮತ್ತೆ ಚೇತರಿಸಲು ವಾರಗಟ್ಟಲೆ ಬೇಕು. ಹಲಸಿನ ಸಿಪ್ಪೆ ಚೂರು ಮಾಡಿ ದಿನಕ್ಕೆ 2-3 ಕಿಲೋ ಹಾಕಬಹುದು, ಕಿತ್ತಳೆ-ನಿಂಬೆ ಸಿಪ್ಪೆ ಬೇಡ.

ಮಣ್ಣು ಪರೀಕ್ಷೆ
50 ಕಿಲೋ ಸಗಣಿ ಅಂದರೆ ನಾಲ್ಕೈದು ದನ. ಬಾಳೆಲೆ ಗದ್ದೆಯವರ ಹುಲ್ಲಿನ ಲೆಕ್ಕಕ್ಕೇ ಬಂದು ನಿಂತೆವು.

ಬಾಳೆಲೆ ಗದ್ದೆ
ಹೌದು ಸರ್, ಅದಕ್ಕೇ ಹೇಳಿದ್ದು.

ಹೊಸಬ
ನೀರಿನ ಸಾಲು ಹೇಗೆ ಬರೆಯುವುದು? ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸುವ ಮನೆಗಳಿವೆ. ಈಗ ನೋಡಿದರೆ ಅಂಗಳ ತುಂಬ ಹೊಳೆ. 5,000 ಲೀಟರ್ ಸಿಂಟೆಕ್ಸ್ ಇಟ್ಟು ಸೂರಿನ ನೀರು ಹಿಡಿದರೆ ಸಾಕಾ?

ತೋಟದ ಲೆಕ್ಕ
ಒಂದು ಚದರ ಮೀಟರ್ ಸೂರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 1,000 ಚದರಡಿ ಸೂರು 93 ಚದರ ಮೀಟರ್. ದಿನಕ್ಕೆ 25 ಮಿಲಿಮೀಟರ್ ಬಿದ್ದರೆ, ಚೆಲ್ಲಿದ್ದು ಕಳೆದು ಸುಮಾರು 1,900 ಲೀಟರ್. ನಿಮ್ಮ ಟ್ಯಾಂಕು ಮೂರೇ ದಿನದಲ್ಲಿ ತುಂಬಿ ಮಿಕ್ಕದ್ದೆಲ್ಲ ಹರಿದುಹೋಗುತ್ತದೆ. ದಿನಕ್ಕೆ 200 ಲೀಟರ್ ಬಳಸಿದರೆ ಆ ಟ್ಯಾಂಕು 25 ದಿನ. ಹಾಗಾಗಿ ಈಗ ತುಂಬಿದ್ದನ್ನು ಈಗಲೇ ಬಳಸಿ, ಅಕ್ಟೋಬರ್ ಮಳೆಗೆ ತೊಳೆದು ತುಂಬಿಸಿ ಮುಚ್ಚಿಡಿ. ಮೊದಲ ಮಳೆಯ ಪಾಚಿ ನೀರು ಬಿಡಲು 50 ಲೀಟರಿನ ಹಳೇ ಡ್ರಮ್ ಸಾಕು, ಅದು ತುಂಬಿದ ಮೇಲೆ ನೀರು ಟ್ಯಾಂಕಿಗೆ ತಿರುಗುವ ಹಾಗೆ ಟೀ (T ಆಕಾರದ ಪೈಪು ಜೋಡಣೆ) ಜೋಡಿಸಿ. ಡ್ರಮ್ಮಿನ ತಳದಲ್ಲಿ ಹನಿಹನಿಯಾಗಿ ಖಾಲಿಯಾಗುವ ಸಣ್ಣ ತೂತು ಇರಲಿ, ಮರೆತರೆ ಮುಂದಿನ ಮಳೆಗೆ ಅದು ಇದ್ದೂ ಇಲ್ಲದಂತೆ.

ಏಪ್ರಿಲ್ ನೀರು ನೆಲದೊಳಗಿಂದಲೇ ಬರಬೇಕು. ತಗ್ಗಿನ ಗದ್ದೆಯಲ್ಲಿ ಬದು ಕಟ್ಟಿ ನೀರು ನಿಲ್ಲಿಸಿದರೆ ಬಾವಿಗೆ ಅದಕ್ಕಿಂತ ಒಳ್ಳೆಯದಿಲ್ಲ. ತೋಟದಲ್ಲಿ ಸಮಪಾತಳಿಯ ಸಾಲಿನಲ್ಲಿ ತೊಟ್ಟಿಲು ಗುಂಡಿ: ಒಂದಡಿ ಅಗಲ, ಒಂದರಿಂದ ಒಂದೂವರೆ ಅಡಿ ಆಳ, ಕೆಳಗಿನ ಸಾಲಿನದ್ದು ಮೇಲಿನ ಎರಡರ ನಡುವೆ ಬರುವಂತೆ. ಇದನ್ನು ಮಳೆ ಬಿಟ್ಟ ಮೇಲೆ ತೋಡಿ. ಕಡಿದಾದ ಬರೆಯಲ್ಲಿ, ಮನೆಯ ಹಿಂದಿನ ಇಳಿಜಾರಲ್ಲಿ ಇಂಗುಗುಂಡಿ ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೂ ಅಲ್ಲಿ ನೀರಿಂಗಿಸುವವರಿದ್ದಾರೆ. ಅಂಥ ಕಡೆ ನೀರನ್ನು ಚರಂಡಿಯಲ್ಲಿ ಆಚೆ ಹಾಯಿಸಬೇಕು, ನೆಲದಲ್ಲಿ ಉದ್ದಕ್ಕೆ ಬಿರುಕು ಕಂಡರೆ ಅಲ್ಲಿಂದ ಹೊರಡಬೇಕು. ಕಳೆಯನ್ನೂ ಅಲ್ಲಿ ಬೇರು ಸಮೇತ ಕೀಳಬೇಡಿ, ಔಷಧಿಯೂ ಹೊಡೆಯಬೇಡಿ. ನಾಲ್ಕು ಇಂಚು ಬಿಟ್ಟು ಸವರಿ.

ಹಳೇ ಛತ್ರಿ
ಪ್ರತಿ ಮಳೆಗಾಲ ಎಡಗಡೆ ಪುಟಕ್ಕೆ ಬರುವ ಇನ್ನೊಂದು: ಗಮ್‌ಬೂಟು. ಕಣಕಾಲಿನ ಮಡಿಕೆಯಲ್ಲೇ ಬಿರಿಯುವುದು, ಮಡಚಿ ಇಟ್ಟದ್ದರಿಂದ. ತಲೆಕೆಳಗಾಗಿ ಗೂಟಕ್ಕೆ ಸಿಕ್ಕಿಸಿಡಿ, ಒಲೆ ಹತ್ತಿರ ಒಣಗಿಸಬೇಡಿ, ಒಳಗೆ ಪೇಪರ್ ತುರುಕಿ. ರಬ್ಬರ್ ಬೂಟಿಗೆ ಸೈಕಲ್ ಪಂಚರ್ ತೇಪೆ ನಡೆಯುತ್ತದೆ: ಮರಳು ಕಾಗದದಲ್ಲಿ ಉಜ್ಜಿ, ಸೊಲ್ಯೂಷನ್ ಎರಡೂ ಕಡೆ ಹಚ್ಚಿ, ಅಂಟು ಒಣಗಿ ಮಂಕಾದ ಮೇಲೆ ಒತ್ತಿ. ಪಿವಿಸಿ ಬೂಟಿಗೆ ಅದು ನಿಲ್ಲುವುದಿಲ್ಲ, ಪಿವಿಸಿ ಅಂಟೇ ಬೇಕು. ಯಾವುದು ಯಾವುದು ಅಂತ ಗೊತ್ತಾಗದಿದ್ದರೆ ಮೂಸಿ ನೋಡಿ, ರಬ್ಬರಿಗೆ ಟಯರ್ ವಾಸನೆ ಇರುತ್ತದೆ.

ಹೊಸಬ
ಸಂಪಾಜೆಯ ಅಣ್ಣ, ಒಂದು ಕೇಳಬೇಕಿತ್ತು. ಗೋಬರ್ ಗ್ಯಾಸ್ ಒಲೆಯ ಉರಿ ಪುಕಪುಕ ಅಂತ ಎದ್ದು ಬಿದ್ದು ಮಾಡುತ್ತದೆ. ಗ್ಯಾಸ್ ಕಮ್ಮಿಯಾ?

ಸಂಪಾಜೆ ಕಡೆಯವ
ಅಲ್ಲ, ಪೈಪಿನಲ್ಲಿ ನೀರು ನಿಂತಿದೆ. ಗ್ಯಾಸಿನ ಜೊತೆ ಬರುವ ಆವಿ ಚಳಿಗೆ ತಣ್ಣಗಾಗಿ ಪೈಪು ಜೋತುಬಿದ್ದ ಕಡೆ ಸೇರುತ್ತದೆ. ಮೇನ್ ಗೇಟ್‌ವಾಲ್ವ್ ಮುಚ್ಚಿ, ಹತ್ತಿರ ಬೆಂಕಿ ಇಲ್ಲದಂತೆ ನೋಡಿಕೊಂಡು, ತಗ್ಗಿನಲ್ಲಿರುವ ನೀರು ಬಿಡುವ ನಲ್ಲಿ ತಿರುಗಿಸಿ. ನಲ್ಲಿ ಇಟ್ಟಿಲ್ಲ ಅಂದರೆ ಅಲ್ಲೊಂದು ಟೀ ಹಾಕಿಸಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ನೀರು ಬಿಡಿ. ಉರಿ ಹಳದಿಯಾಗಿದ್ದರೆ ಅದು ಬೇರೆ ತೊಂದರೆ, ಬರ್ನರಿನ ಗಾಳಿ ಕಿಂಡಿಯಲ್ಲಿ ಜೇಡ ಗೂಡು ಕಟ್ಟಿರುತ್ತದೆ, ಕಡ್ಡಿ ಹಾಕಿ ತೆಗೆಯಿರಿ.